ಗುಂಡಿ ತೋಡುವವನ ಮನೆಯ ಪ್ರಾರ್ಥನೆ

ಒಂದೂರಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬನಿದ್ದ. ಅಲ್ಲಿನ ಕ್ರೈಸ್ತ ಸಭೆಯ ಹಿರಿಯ. ಪ್ರಾರ್ಥನೆಗೆ ನಿಂತರೆ ಬಾಯಿ ತಡವರಿಸುತ್ತಿರಲಿಲ್ಲ. ಯಾರಾದರೂ ಹೊಸ ಬೈಕು ತಂದರೆ ಇವನೇ ಹ್ಯಾಂಡಲ್ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಮಗುವನ್ನು ತೊಟ್ಟಿಲಿಗೆ ಹಾಕುವಾಗಲೂ ಇವನೇ ಬೇಕು. ಇವನು ಪ್ರಾರ್ಥಿಸಿದರೆ ಒಳ್ಳೆಯದಾಗುತ್ತದೆ ಎಂದು ಊರೇ ನಂಬಿತ್ತು. ನೋಡಿ, ಅವನೂ ನಂಬಿದ್ದ. ಪ್ರತಿ ಭಾನುವಾರ ಕಣ್ಣು ಮುಚ್ಚಿ, "ಕರ್ತನೇ, ನಿನಗೆ ಬೇಕಾದ ಕಡೆ ನನ್ನನ್ನು ಉಪಯೋಗಿಸು" ಎನ್ನುತ್ತಿದ್ದ. ನಾವೂ ಅನ್ನುತ್ತೇವಲ್ಲ, ಹಾಗೆಯೇ.

ಆ ಸಭೆಯ ಶುಕ್ರವಾರದ ಪ್ರಾರ್ಥನಾ ಕೂಟ ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಒಂದು ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಸಮಾಧಿಯ ಗುಂಡಿ ತೋಡುವವನ ಮನೆ. ಯಾರಾದರೂ ಸತ್ತಾಗ ಮಾತ್ರ ಅವನನ್ನು ಕರೆಯಬೇಕು. ಸುಮ್ಮನೆ ಅವನ ಹೊಸಿಲು ತುಳಿದರೆ ಸಾವನ್ನು ಮನೆಗೆ ಕರೆತಂದ ಹಾಗೆ. ಸತ್ಯವೇದದ ಯಾವ ಪುಟದಲ್ಲಿದೆ ಇದು? ಎಲ್ಲೂ ಇಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.

ಒಂದು ದಿನ ಆ ಗುಂಡಿ ತೋಡುವವನ ಹೆಂಡತಿ ಗಿರಣಿಯ ಬಾಗಿಲಿಗೆ ಬಂದಳು.

"ಸಾವ್ಕಾರ್ರೆ, ನಮ್ಮನೆಯವ್ರು ಉಳಿಯಲ್ಲ ಅಂದ್ಬಿಟ್ರು ಡಾಕ್ಟ್ರು. ಭಯ ಬಿದ್ದು ನಡುಗ್ತಾವ್ರೆ. ಬಂದು ಒಂದು ಪ್ರಾರ್ಥನೆ ಮಾಡಿ."

"ಸಭೆಯ ಅಯ್ಯನವ್ರನ್ನ ಕರೀಬಾರ್ದೇನಮ್ಮ?"

"ಅವ್ರು ಊರಲ್ಲಿಲ್ಲ."

"ಅಕ್ಕಿ ಕಳಿಸ್ತೀನಿ. ಜೀಪು ಕಳಿಸ್ತೀನಿ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು."

"ಬೈಕಿಗಾದ್ರೆ ಓಡಿ ಬರ್ತೀರಿ. ಮನುಷ್ಯನಿಗೆ ಬರಲ್ವಾ?"

ಸಾಹುಕಾರನ ಮೈ ಉರಿಯಿತು. ಆದರೆ ಆ ಉರಿಯ ಅಡಿಯಲ್ಲಿ ಇದ್ದದ್ದು ಭಯ. ಹೊಸಿಲಿನ ಭಯ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ನಾನು ಪ್ರಾರ್ಥಿಸಿದ ಮೇಲೂ ಅವನು ಸತ್ತರೆ? ಊರು ಏನನ್ನುತ್ತದೆ? ಆಮೇಲೆ ಯಾರು ನನ್ನನ್ನು ತೊಟ್ಟಿಲಿಗೆ ಕರೆಯುತ್ತಾರೆ? ಚಪ್ಪಲಿ ಮೆಟ್ಟಿಕೊಂಡ, ಬಿಟ್ಟ, ಮತ್ತೆ ಮೆಟ್ಟಿಕೊಂಡ. ಧೈರ್ಯ ಬರಲೇ ಇಲ್ಲ. ಧೈರ್ಯವಿಲ್ಲದೆಯೇ ಹೊರಟ.

ಆ ಮನೆಯೊಳಗೆ ಮಂಚದ ಪಕ್ಕ ನಿಂತು, "ಈ ನಿನ್ನ ಮಗನಿಗೆ ಪೂರ್ಣ ಆರೋಗ್ಯ ಕೊಡು" ಎಂದು ರೂಢಿಯ ಪ್ರಾರ್ಥನೆ ಶುರು ಮಾಡಿದ. ರೋಗಿ ಅವನ ಕೈ ಹಿಡಿದು ನಿಲ್ಲಿಸಿದ.

"ಅದು ಬ್ಯಾಡಿ ಸಾವ್ಕಾರ್ರೆ. ನನ್ ಸ್ಥಿತಿ ನಂಗೊತ್ತು. ಊರವ್ರನ್ನೆಲ್ಲ ಮಣ್ಣಿಗಿಳಿಸ್ದೆ, ಒಂದಿನಾನೂ ಹೆದರಲಿಲ್ಲ. ಈಗ ಹೆದರಿಕೆ ಆಯ್ತದೆ. ಅದು ಹೋಗ್ಲಿ ಅಂತ ಕೇಳಿ."

ಸಾಹುಕಾರ ಮಂಚದ ಅಂಚಿಗೆ ಕೂತ. ಹೇಳಿದ: "ನಂಗೂ ಹೆದರಿಕೆ ಕಣಪ್ಪಾ. ನಿನ್ನ ಹೊಸ್ಲಿಗೆ ಹೆದರಿ ಚಪ್ಪಲಿ ಮೆಟ್ಟಿ ಬಿಟ್ಟೆ, ಮತ್ತೆ ಮೆಟ್ಕೊಂಡೆ."

ಸಾಯುತ್ತಿದ್ದವನು ನಕ್ಕುಬಿಟ್ಟ. "ಹಂಗಾದ್ರೆ ಇಬ್ರಿಗೂ ಸೇರಿಸಿ ಕೇಳ್ಬುಡಿ."

"ಕರ್ತನೇ, ನಮ್ಮಿಬ್ಬರಿಗೂ ಭಯವಾಗಿದೆ. ನೀನು ಇಲ್ಲೇ ಇರು." ಅಷ್ಟೇ. ಅವನು ಅಷ್ಟು ಚಿಕ್ಕ ಪ್ರಾರ್ಥನೆಯನ್ನು ಎಂದೂ ಮಾಡಿರಲಿಲ್ಲ. ಹಿಡಿದಿದ್ದ ರೋಗಿಯ ಕೈಯ ನಡುಕ ಮೆಲ್ಲಗೆ ನಿಂತಿತು.

ಮರುದಿನ ರೋಗಿ ತೀರಿಕೊಂಡ. ಸಾಹುಕಾರರ ಪ್ರಾರ್ಥನೆ ಫಲಿಸಲಿಲ್ಲ ಎಂದು ಊರು ಮಾತಾಡಿಕೊಂಡಿತು. ಅವನು ಹೆದರದೆ ಹೋದದ್ದನ್ನು ಕಂಡ ಹೆಂಡತಿಗೆ ಮಾತ್ರ ಅದು ಫಲಿಸಿದ್ದು ಗೊತ್ತಿತ್ತು.

ನೋಡಿ ಸಭೆಯವರೇ, ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. "ಧೈರ್ಯ ಬರಲಿ, ಹೋಗುತ್ತೇವೆ ಅಯ್ಯನವರೇ" ಎನ್ನುತ್ತೀರಿ. ಧೈರ್ಯವೇನು ಅಂಚೆಯಲ್ಲಿ ಬರುತ್ತದೆಯೇ? ದೇವರು ಕರೆದದ್ದು ನಿಮ್ಮನ್ನು, ನಿಮ್ಮ ಧೈರ್ಯವನ್ನಲ್ಲ. ನಿಮ್ಮ ಬೀದಿಯಲ್ಲೇ ಗಂಡ ಜೈಲಿಗೆ ಹೋದ ಹೆಂಗಸಿದ್ದಾಳೆ. ಅವಳ ಮನೆ ಮುಂದೆ ಬಂದಾಗ ಬೇಗ ಬೇಗ ನಡೆಯುತ್ತೀರಿ, ನಾನೇ ನೋಡಿದ್ದೇನೆ. ಒಳಗೆ ಹೋಗಿ. ಮಾತು ಬಾರದಿದ್ದರೆ ಸುಮ್ಮನೆ ಕೂತು ಬನ್ನಿ. ಮಾತು ಬಿಟ್ಟ ಅಣ್ಣನ ಬಾಗಿಲು ತಟ್ಟಿ, ಬೈದರೆ ಬೈಸಿಕೊಳ್ಳಿ. ಇವತ್ತು ಆರಾಧನೆ ಮುಗಿದ ಮೇಲೆ ನನ್ನ ಕೈ ಕುಲುಕಿ "ಒಳ್ಳೆಯ ಪ್ರಸಂಗ" ಎನ್ನಲು ಸಾಲು ನಿಲ್ಲಬೇಡಿ. ನೇರವಾಗಿ ಆ ಬಾಗಿಲಿಗೆ ನಡೆಯಿರಿ.