ಗೋಡೆಯಾಚೆಯ ಸಿಳ್ಳೆ

…ಅಲ್ಲಲ್ಲ, ಆ ಕಡೆ ಹೋಗೋ ಹಾಗಿಲ್ಲ ಮಗಳೇ. ಗಂಡಸರು ಗೋಡೆ ಆಚೆ, ಹೆಂಗಸರು ಮಕ್ಕಳು ಗೋಡೆ ಈಚೆ. ಬಾಗಿಲಲ್ಲಿ ನಿನ್ನ ಕೈ ಬಿಡೋವಾಗ ನಿನ್ನ ಹುಡುಗ ಹೇಳ್ಲಿಲ್ವಾ? ಯಾಕೆ ನಗ್ತೀಯ? ನಗು, ನಗು. ಹೊರಗಿನಿಂದ ಬಂದವರೆಲ್ಲ ಮೊದಲು ನಗ್ತಾರೆ. ಒಂದು ಗಳಿಗೆ ಕಳೆದ್ರೆ ಕಾಲು ಚಾಚಿ ಮಲಗಿ, ಅಬ್ಬ, ಎಷ್ಟು ಹಾಯಾಗಿದೆ ಅಂತಾರೆ. ತ್ರಿಯೆಸ್ತೆ ಊರಿನ ಈ ಈಜೋ ದಂಡೇಲಿ ಈ ಗೋಡೆ ನಮ್ಮಜ್ಜಿ ಕಾಲದಿಂದ ಇದೆ. ಒಡೆಯೋಣ ಅಂತ ಯಾರಾದ್ರೂ ಬಾಯಿ ಬಿಟ್ಟರೆ ನಾವು ಮುದುಕಿಯರೇ ಪೊರಕೆ ಹಿಡಿದು ನಿಲ್ತೀವಿ. ಹೊಟ್ಟೆ ಒಳಗೆ ಎಳ್ಕೊಳ್ಳದೆ ಸಮುದ್ರಕ್ಕೆ ಇಳಿಯೋಕೆ ಲೋಕದಲ್ಲಿ ಇನ್ನೆಲ್ಲಿದೆ ಜಾಗ, ಹೇಳು.

ಬಾ, ನನ್ನ ಚಾಪೆ ಮೇಲೆ ಕೂತ್ಕೋ. ಆ ಉರುಟು ಕಲ್ಲು ಒತ್ತುತ್ತೆ. ನನ್ನ ಹೆಸರು ನೆರೀನಾ. ಅಗೋ, ನೀರಲ್ಲಿ ಬಾತುಕೋಳಿ ಥರ ಮುಳುಗಿ ಏಳ್ತಿದೆಯಲ್ಲ ಕೆಂಪು ಟೋಪಿ, ಅದು ನನ್ನ ಮೊಮ್ಮಗಳು. ಆಲ್ಮಾ, ಹಗ್ಗ ದಾಟಬೇಡ ಕಣೇ… ತುಟಿ ನೀಲಿ ಆದ್ರೂ ಹೊರಗೆ ಬರಲ್ಲ, ಹಟಮಾರಿ. ನಿನ್ನ ಹೆಸರೇನು? ಕ್ಲೇಲಿಯಾ. ಚೆನ್ನಾಗಿದೆ. ಬೆರ್ಗಾಮೊದವಳಾ? ಬೆಟ್ಟದ ಹುಡುಗಿ, ಅದಕ್ಕೇ ಭುಜ ಈಗಲೇ ಕೆಂಪಾಗಿದೆ. ತಿರುಗು, ಎಣ್ಣೆ ಹಚ್ತೀನಿ. ನಾಚ್ಕೋಬೇಡ, ಇಲ್ಲಿ ಎಲ್ಲರ ಬೆನ್ನಿಗೂ ಎಲ್ಲರೂ ಹಚ್ತಾರೆ.

ಉಂಗುರ ಹೊಸದು. ಮದುವೆ ಯಾವಾಗ? ಸೆಪ್ಟೆಂಬರ್‌ನಲ್ಲಾ? ಹೂಂ. ಬೇಡ, ಅವನ ಹೆಸರು ಹೇಳಬೇಡ, ನನಗ್ಯಾಕೆ.

ತಗೋ, ತಿನ್ನು. ಬೂತಾಯಿ ಮೀನು, ಹುರಿದು, ಈರುಳ್ಳಿ ವಿನಿಗರಿನಲ್ಲಿ ನೆನೆಹಾಕಿದ್ದು. ನಿನ್ನೆ ಮಾಡಿದ್ದಕ್ಕೇ ಇವತ್ತು ರುಚಿ. ಕೋಪದ ಹಾಗೆ. ಅದೂ ಇಟ್ಟಷ್ಟೂ ರುಚಿ ಹೆಚ್ಚುತ್ತೆ.

ಏನೇನು ನೋಡಿದ್ರಿ ಊರಲ್ಲಿ? ತಡಿ, ನಾನೇ ಹೇಳ್ತೀನಿ. ಬೆಳಿಗ್ಗೆ ಸಮುದ್ರದ ಮೇಲಿನ ಬಿಳಿ ಕೋಟೆ. ಅದರಲ್ಲಿ ಮಲಗಿದವರು ಪರದೇಶದಲ್ಲೇ ಸಾಯ್ತಾರಂತೆ ಅಂತ ಹೆದರಿಸಿ, ನೀನು ತೋಳು ಹಿಡ್ಕೊಳ್ಳೋ ಹಾಗೆ ಮಾಡಿದ. ಆಮೇಲೆ ದೊಡ್ಡ ಚೌಕ, ನಿಂತುಕೊಂಡೇ ಒಂದು ಕಾಫಿ. ಆಮೇಲೆ ಕಲ್ಲಿನ ಹಡಗುಕಟ್ಟೆ. ತುದಿಯವರೆಗೂ ನಡೆಸಿ, ಅಲ್ಲಿರೋ ಕಬ್ಬಿಣದ ಗೂಟ ತಟ್ಟಿ, ನಮ್ಮಜ್ಜ ದೋಣಿ ಕಟ್ತಿದ್ದದ್ದು ಇದಕ್ಕೇ ಅಂದ. ಕಣ್ಣಲ್ಲಿ ಒಂಚೂರು ನೀರೂ ತಂದ್ಕೊಂಡ.

ಬಾಯಿ ಮುಚ್ಚೇ ತಾಯಿ, ಮೀನು ಬೀಳುತ್ತೆ.

ನಾನೇನು ಮಾಟಗಾತಿ ಅಲ್ಲ. ನಮ್ಮ ಪಕ್ಕದ ಮನೆ ಅಳಿಯನೂ ಹೀಗೇ ಹೇಳ್ತಿದ್ದ. ಫುಲ್ವಿಯಾ ಅಂತ ಆ ಮನೆ ಹುಡುಗಿ. ಅವಳಿಗೂ ಅದೇ ಕೋಟೆ, ಅದೇ ಗೂಟ, ಅದೇ ಕಣ್ಣೀರು. ಆ ಹುಡುಗಿ ಇದೇ ಊರಲ್ಲಿ ಹುಟ್ಟಿದವಳು, ಆ ಕಟ್ಟೆ ಮೇಲೇ ಸೈಕಲ್ ಕಲಿತವಳು. ಆದ್ರೂ ಅವನ ಜೊತೆ ಮೊದಲ ಸಲ ಊರು ನೋಡೋ ಹಾಗೆ ಕಣ್ಣರಳಿಸಿ ಬಂದ್ಲು. ಮೂಗಿಗೆ ತುಪ್ಪ ಸವರೋದು ಅಂದ್ರೆ ಅದು. ಅವನಜ್ಜ ಯಾರು ಗೊತ್ತಾ? ಸಮುದ್ರವೇ ಇಲ್ಲದ ಉದಿನೆ ಕಡೆ ಹಾಸಿಗೆ ಹೊಲೀತಿದ್ದೋನು. ದೋಣಿ ಹತ್ತಿದ್ರೆ ವಾಂತಿ ಮಾಡ್ಕೊಳ್ತಿದ್ನಂತೆ.

ನಗ್ತಾ ಇದ್ದೀಯ. ಆದ್ರೆ ಮೊದಲಿನಷ್ಟಿಲ್ಲ.

ಕೇಳು. ಮದುವೆ ಆಯ್ತು, ಮಗು ಆಯ್ತು. ಒಂದು ಆಗಸ್ಟ್ ಭಾನುವಾರ ಮೂವರೂ ಇಲ್ಲಿಗೇ ಬಂದರು. ಅವನು ಆ ಬಾಗಿಲು, ಇವಳು ಮಗು ಎತ್ಕೊಂಡು ಈ ಬಾಗಿಲು. ಇಲ್ಲಿ ಒಂದು ಪದ್ಧತಿ ಇದೆ ಮಗಳೇ. ಗೋಡೆ ಮೇಲಿಂದ ಮರಿಯಾ ಅಂತ ಹೆಸರು ಹಿಡಿದು ಕೂಗಿದ್ರೆ ಹತ್ತು ಮಂದಿ ಓಗೊಡ್ತಾರೆ. ಅದಕ್ಕೆ ಒಂದೊಂದು ಮನೆಗೂ ಒಂದೊಂದು ಸಿಳ್ಳೆ. ನಮ್ಮೆಜಮಾನರದ್ದು ಕುಕ್ಕರ್ ಥರ, ಒಂದೇ ಉದ್ದ. ಆ ಅಳಿಯನದ್ದು ಚೆಂದ ಇತ್ತು, ಹಕ್ಕಿ ಏನೋ ಪ್ರಶ್ನೆ ಕೇಳಿದ ಹಾಗೆ. ಎರಡು ಮೇಲೆ, ಒಂದು ಕೆಳಗೆ, ಕೊನೆಗೆ ಎಳೆದು ಬಿಡೋದು. ಅವನು ಆಚೆಯಿಂದ ಊದಬೇಕು, ಹೆಂಡತಿ ಈಚೆಯಿಂದ ಊದಬೇಕು. ಮನೆಗೆ ಹೊರಡೋಣ, ಹಸಿವಾಗಿದೆ, ಎಲ್ಲಕ್ಕೂ ಅದೇ.

ಅವತ್ತು ಊಟದ ಹೊತ್ತಿಗೆ ಇವಳು ಊದಿದಳು. ಅವನು ಓಗೊಡಲಿಲ್ಲ. ಈಜ್ತಿರಬೇಕು ಅಂದ್ಕೊಂಡ್ಲು. ಮತ್ತೆ ಊದಿದಳು. ಮಗುವಿಗೆ ಉಣ್ಣಿಸಿದಳು, ಮಲಗಿಸಿದಳು, ಊದಿದಳು. ಸುತ್ತ ಕೂತಿದ್ದ ಹೆಂಗಸರೆಲ್ಲ ಇಸ್ಪೀಟು ನಿಲ್ಲಿಸಿ ನೋಡ್ತಾ ಕೂತ್ರು. ಕೊನೆಗೆ ಆ ಕಡೆಯಿಂದ ಯಾರೋ ಮುದುಕ, ಅಮ್ಮಾ, ನಿನ್ನ ಗಂಡ ಬಟ್ಟೆ ಬದಲಾಯಿಸ್ಕೊಂಡು ಬೆಳಿಗ್ಗೆನೇ ಹೋದನಲ್ಲ, ಚೀಲ ಹಿಡ್ಕೊಂಡು, ರೈಲಿಗೆ ಹೊತ್ತಾಯ್ತು ಅಂತಿದ್ದ ಅಂದ. ಮುಳುಗಿ ಸತ್ತಿದ್ರೆ ಅಳಬಹುದಿತ್ತು. ಗೋಡೆ ಮರೆ ಮಾಡ್ಕೊಂಡು ಓಡಿಹೋದವನಿಗೆ ಹೇಗೆ ಅಳೋದು?

ಈಗಲಾ? ಈಗ ಆಸ್ಪತ್ರೆಯ ಬಟ್ಟೆ ಒಗೀತಾಳೆ. ಮಾತು ಕಮ್ಮಿ. ಅಪ್ಪ ಕರೀತಿದ್ದದ್ದು ಹೀಗೆ ಅಂತ ಮಗುವಿಗೆ ಆ ಸಿಳ್ಳೆ ಮಾತ್ರ ಊದಿ ತೋರಿಸ್ತಾಳೆ. ಮಗುವಿಗೆ, ಅಪ್ಪ ದೊಡ್ಡ ಹಡಗಿನಲ್ಲಿದ್ದಾನೆ, ಹಡಗು ತುಂಬಾ ದೂರ ಇದೆ ಅಂತ ಹೇಳಿದ್ದಾರೆ. ಇನ್ನೇನು ಹೇಳ್ತಾರೆ? ಅವಳ ತಾಯಿ, ಪಾಪ, ಆ ಮುದುಕಿ ದೇವರ ಹತ್ರ ಅವನ ಸಾವು ಕೇಳಲಿಲ್ಲ. ನಾನು… ಅವಳು ಕೇಳಿದ್ದು ಒಂದೇ. ಒಂದು ಸಲ ಅವನು ಆ ಗೋಡೆ ಹಿಂದೆ ನಿಂತು ಕರೀಬೇಕು. ಈ ಕಡೆಯಿಂದ ಉಸಿರು ಕೂಡ ಕೇಳಿಸಬಾರದು. ಗಂಟಲು ಒಣಗೋವರೆಗೂ ಕರೀಬೇಕು, ಪಕ್ಕದ ಗಂಡಸರೆಲ್ಲ ಇಸ್ಪೀಟು ಬಿಟ್ಟು ಅವನ ಮುಖ ನೋಡಬೇಕು. ಅಷ್ಟೇ.

…ಹಾಂ. ಕೇಳಿಸ್ತಾ?

ಎರಡು ಮೇಲೆ, ಒಂದು ಕೆಳಗೆ.

ಕೂತ್ಕೋ. ಬಾಯಿಗೆ ಬೆರಳು ಇಡಬೇಡ. ಬೆಳಿಗ್ಗೆ ಹೋಟೆಲಿನಲ್ಲಿ ಕಲಿಸಿದನಾ ನಿಂಗೆ? ನಿನಗೋಸ್ಕರವೇ ಕಟ್ಟಿದ ಸಿಳ್ಳೆ ಅಂದ್ನಾ? ನೋಡು, ಒಂದು ಹೊಸ ಸಿಳ್ಳೆ ಹುಟ್ಟಿಸೋಷ್ಟೂ ಪ್ರೀತಿ ಇಲ್ಲ ಅವನಿಗೆ. ಕೈ ಯಾಕೆ ಎಳ್ಕೊಳ್ತೀಯ? ಕೊಡಿಲ್ಲಿ, ಹಿಡ್ಕೊಳ್ತೀನಿ. ಹೋಗಬೇಡ ಅಂತ ನಾನು ಹೇಳಲ್ಲ, ಮದುವೆ ನಿಂದು. ಸುಮ್ಮನೆ ಕೂತಿರು ಅಂತೀನಿ. ಕೂಗಲಿ ಅವನು. ಉತ್ತರ ಸಿಗದಿದ್ದಾಗ ಗಂಡಸು ಏನು ಮಾಡ್ತಾನೆ ಅಂತ ಮದುವೆಗೆ ಮುಂಚೆ ತಿಳ್ಕೊಳ್ಳೋದು ಒಳ್ಳೇದು.

ಮತ್ತೆ ಊದಿದ. ಜೋರಾಗಿ. ಊದು ಮಗನೇ, ಊದು. ನೋಡು, ಆ ಛತ್ರಿ ಕೆಳಗಿನ ಹೆಂಗಸರು ಕೂಡ ತಿರುಗಿದರು. ಅವರಿಗೂ ಜ್ಞಾಪಕ ಬಂತು. ಆಹಾ, ಕ್ಲೇಲಿಯಾ, ಎಷ್ಟು ವರ್ಷದ ಉರಿಗೆ ತಣ್ಣೀರು ಹೊಯ್ದೆ ನೀನು, ನಿನಗೇ ಗೊತ್ತಿಲ್ಲ. ಈಗ ಗೋಡೆ ಹತ್ರಾನೇ ಬಂದಿದ್ದಾನೆ, ಸದ್ದು ಎಷ್ಟು ಸಮೀಪ ಆಯ್ತು. ಇನ್ನೂ ಜೋರಾಗಿ…

ಆಲ್ಮಾ ಎಲ್ಲಿ?

ಅಯ್ಯೋ. ಯಾಕೆ ಎದ್ದು ನಿಂತ್ಲು ನೀರಲ್ಲಿ? ಆಲ್ಮಾ, ಈಜು ಕಣಮ್ಮ. ಆಟ ಆಡು. ಟೋಪಿ ಯಾಕೆ ತೆಗೆದೆ, ಕಿವಿಗೆ ನೀರು… ಇಲ್ಲ ಚಿನ್ನ, ಅದು ಯಾರದೋ ಸಿಳ್ಳೆ. ಹಕ್ಕಿ ಇರಬೇಕು. ಏನಂದೆ? ಇಲ್ಲ, ಅಪ್ಪ ಹಡಗಿನಲ್ಲಿದ್ದಾನಲ್ಲ, ಹಡಗು ದೂರ ಇದೆ ಅಲ್ವಾ. ಬಾ, ಮೀನು ತಿನ್ನು ಬಾ. ಓಡಬೇಡ, ಕಲ್ಲು ಜಾರುತ್ತೆ.

ಉತ್ತರ ಕೊಡು ಮಗಳೇ. ಬೇಗ. ಬಂದೆ ಅನ್ನು. ಏನಾದ್ರೂ ಅನ್ನು, ಅವನು ನಿಲ್ಲಿಸಲಿ. ನೀನು ಓಗೊಟ್ಟರೆ ಅವನು ನಿನ್ನವನು, ಯಾರೋ ಪರಊರಿನವನು, ಮಗು ವಾಪಸ್ ನೀರಿಗೆ ಹೋಗುತ್ತೆ. ನೀನು ಸುಮ್ಮನಿದ್ರೆ ಅವನು ಇವಳಪ್ಪ ಆಗಿಬಿಡ್ತಾನೆ ಕಣೇ.

ಯಾಕೆ ಸುಮ್ಮನಿದ್ದೀಯ? ನಾನೇ ಹೇಳಿದ್ದು, ಹೌದು. ಈಗ ನಾನೇ ಬೇಡ್ತಾ ಇದೀನಿ. ಮಗುವಿನ ಗಲ್ಲ ಯಾಕೆ ಹಾಗೆ ನೋಡ್ತೀಯ? ಗಲ್ಲದ ಗುಳಿ ಯಾರಿಗಿಲ್ಲ. ನನ್ನ ಕಡೆ ನೋಡಬೇಡ… ಬಾಗಿಲಲ್ಲಿ ಅವನು ನಿನ್ನ ಹಣೆಗೆ ಮುತ್ತು ಕೊಟ್ಟಿದ್ದು ನೋಡಿದೆ. ನನ್ನ ಚಾಪೆ ಅಲ್ಲಿ ದೂರ, ನೀರಿನ ಹತ್ರ ಹಾಸಿತ್ತು. ಎತ್ಕೊಂಡು ಬಂದು ನಿನ್ನ ಪಕ್ಕ ಹಾಸಿದೆ. ಸಾಕಾ? ಬೈಯಿ ನನ್ನ. ಆದ್ರೆ ಬಾಯಿ ಬಿಟ್ಟು ಬೈಯಿ, ಆ ಕಡೆ ಕೇಳಿಸೋ ಹಾಗೆ.

ನೋಡು, ಗೋಡೆ ಮುಟ್ಟಿದಳು. ಬಾಯಿಗೆ ಬೆರಳು ಇಟ್ಟಳು. ಮುಂದಿನ ಹಲ್ಲು ಬಿದ್ದಿದೆ, ಬರೀ ಗಾಳಿ ಬರುತ್ತೆ. ಮತ್ತೆ ಊದ್ತಾಳೆ… ಬಂತು. ಎರಡು ಮೇಲೆ, ಒಂದು ಕೆಳಗೆ.

ಅವನು ನಿಲ್ಲಿಸಿಬಿಟ್ಟ.



ಆಲ್ಮಾ, ಗೋಡೆಯಿಂದ ಕಿವಿ ತೆಗಿ ಚಿನ್ನ. ಬಾ ಅಜ್ಜಿ ಹತ್ರ.