ಒಂದು ಗೀರೂ ಇಲ್ಲ

ಬೇಡ ಭಾವ, ಒರಗಬೇಡಿ! ನಿಮ್ಮ ಸೊಂಟದ ಬಕಲ್... ಹಾಂ, ಅಲ್ಲೇ, ಸ್ವಲ್ಪ ಹಿಂದೆ. ಆಸ್ಪತ್ರೆಯಿಂದ ಈಗಷ್ಟೇ ಬಂದಿದ್ದೀರಿ, ಸುಸ್ತಾಗಿದೆ, ಒಪ್ಪಿದೆ. ಕೂರೋಕೆ ಸ್ಟೂಲ್ ಇದೆಯಲ್ಲ. ಕಾರಿಗೆ ಮಾತ್ರ ಒರಗೋ ಹಾಗಿಲ್ಲ.

ಯಾಕೆ ನಗ್ತೀರಿ? ಓ, ಶರ್ಟಾ? ಬೇಕಂತಲೇ ಹಿಂದುಮುಂದಾಗಿ ಹಾಕ್ಕೊಂಡಿದ್ದೀನಿ. ಗುಂಡಿಗಳು ಬೆನ್ನಿಗೆ ಹೋದ್ರೆ, ಬಗ್ಗಿದಾಗ ಪೇಂಟಿಗೆ ತಾಗಲ್ಲ. ವಾಚು, ಉಂಗುರ ಎಲ್ಲ ಬಿಚ್ಚಿಟ್ಟೆ. ಪ್ಯಾಂಟಿಗೆ ಬೆಲ್ಟ್ ಬದಲು ದಾರ ಕಟ್ಟಿದ್ದೀನಿ. ನಗಿ, ನಗಿ! ಸಾಯಂಕಾಲ ಅಕ್ಕ ಮಗೂನ ಎತ್ಕೊಂಡು ಇದೇ ಕಾರಲ್ಲಿ ಮನೆಗೆ ಬರೋದು. ಈ ಬಣ್ಣ ಆರಿಸಿದ್ದೂ ಅವಳೇ. ಒಂದು ಗೀರು ಕಂಡ್ರೆ ಚರ್ಮ ಸುಲಿಯೋದು ನಿಮ್ಮದಲ್ಲ, ತಮ್ಮನದು!

"ಗ್ಯಾರೇಜಿನವರು ಗೀರು ಹಾಕ್ತಾರೆ. ಒಂದು ಫ್ಯಾನ್ ಬೆಲ್ಟ್ ತಾನೆ ಅಕ್ಕ, ನಾನೇ ಬದಲಾಯಿಸ್ತೀನಿ" ಅಂತ ಜಂಬ ಕೊಚ್ಚಿದ್ದೂ ನಾನೇ. ಹಳೇದು ನೂಲುನೂಲಾಗಿದೆ. ಮಗು ಇರೋವಾಗ ನಡುದಾರೀಲಿ ಕಿತ್ಕೊಂಡ್ರೆ ಏನು ಗತಿ?

ಅಯ್ಯೋ, ಕಾರಿಗೆ ಹೊದಿಸಿರೋ ಆ ರಗ್ಗು ಎಳೀಬೇಡಿ! ಹೌದು, ನಿಮ್ಮದೇ. ಹೊಸದೇ. ಹಳೇ ರಗ್ಗಲ್ಲಿ ಮಣ್ಣಿರುತ್ತೆ ಭಾವ. ಕೆಳಗೆ ಒಂದೇ ಒಂದು ಮರಳಿನ ಕಣ ಸಿಕ್ಕಿದ್ರೂ ಸಾಕು, ನಾವು ಅಲ್ಲಾಡಿದಾಗೆಲ್ಲ ಉಜ್ಜುತ್ತೆ, ಸ್ಯಾಂಡ್ ಪೇಪರ್ ಥರ. ಕಾಪಾಡೋಕೆ ಹೊದಿಸಿದ್ದೇ ಗೀರುತ್ತೆ! ಅದಕ್ಕೇ ಮೊದಲು ತೊಳೆದೆ. ಒರೆಸಿದೆ. ಗಾಳಿ ಬೀಸ್ತು, ಧೂಳು ಕೂತ್ಕೊಳ್ತು. ಮತ್ತೆ ತೊಳೆದೆ. ಅಂಚಿಗೆಲ್ಲ ಟೇಪು. ಸ್ಪ್ಯಾನರ್ ನೋಡಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದೀನಿ, ಕೈಜಾರಿದ್ರೂ ಪೆಟ್ಟಾಗಬಾರದು ಅಂತ. ಮಗು ಮುಟ್ಟೋಕೆ ಮುಂಚೆ ಅಕ್ಕ ನಿಮ್ಮ ಕೈ ಎಷ್ಟು ಸಲ ತೊಳೆಸ್ತಾಳೆ? ಇದೂ ಹಾಗೇನೇ.

ಹಾಂ? ಗಡಿಯಾರ ಯಾಕೆ ನೋಡ್ತೀರಿ... ಆಸ್ಪತ್ರೆಯವರು ಇನ್ನೇನು ಅಕ್ಕನ್ನ ಮನೆಗೆ ಕಳಿಸಿಬಿಡ್ತಾರಾ? ಆಗುತ್ತೆ, ಆಗುತ್ತೆ. ಫ್ಯಾನ್ ಬೆಲ್ಟಾ? ಹೂಂ, ಅದು... ಆಯ್ತು ಅಂತಲೇ ಇಟ್ಕೊಳ್ಳಿ. ಕಷ್ಟದ ಕೆಲಸ ಪೂರ್ತಿ ಮುಗೀತಲ್ಲ!

ಸೀಟಿನ ಮೇಲಿಂದ ಅದನ್ನ್ಯಾಕೆ ತೆಗೆದ್ರಿ? ಹೌದು... ಹೊಸ ಬೆಲ್ಟೇ. ಹೌದು, ಕವರೂ ಬಿಚ್ಚಿಲ್ಲ. ಸಿದ್ಧತೆ ಅಂತ ಒಂದು ಇರುತ್ತೆ ಭಾವ! ಅದು ಸರಿಯಾದ್ರೆ ಹಾಕೋದು ಚಿಟಿಕೆ ಹೊಡೆಯೋಷ್ಟರ ಕೆಲಸ.

ಹಾಗಿದ್ರೆ ಹಾಕು ಅಂತೀರಾ? ನಾನಾ? ಈಗ್ಲೇ? ಅಲ್ಲ, ಮೊದಲು ಆ ಕಡೆ ಬಾಗಿಲಿಗೆ ಒಂಚೂರು... ಓ! ನೀವೇ ಹಾಕ್ತೀರಾ? ಅಬ್ಬಾ! ಬನ್ನಿ, ಬನ್ನಿ. ಬಕಲ್ ಬಿಚ್ಚಿ. ತಗೊಳ್ಳಿ ಸ್ಪ್ಯಾನರ್. ಎಷ್ಟಾದ್ರೂ ನೀವು ನನಗಿಂತ ಅನುಭವಸ್ಥರು. ನಾನು ಬಾನೆಟ್ ಎತ್ತಿ ಟಾರ್ಚ್ ಹಿಡೀತೀನಿ. ಮೆಲ್ಲಗೆ ಬಗ್ಗಿ... ಹಾಂ, ಹಾಗೇ.

ಬೆಳಕು ಸಾಕಾ?

ಇನ್ನೊಂಚೂರು ಈ ಕಡೆ ಹಿಡೀಲಾ?

ಅದಲ್ಲ ಅನ್ಸುತ್ತೆ, ಆ ನಟ್ಟು. ಅದೂ... ಅದೂ ಅಲ್ವೇನೋ.

ಭಾವ?

ಏನಾದ್ರೂ ಹೇಳಿ ಭಾವ. ಬೈರಿ ಬೇಕಾದ್ರೆ. ಯಾಕೆ, ಬಾಯಿಗೂ ಟೇಪ್ ಅಂಟಿಸ್ಕೊಂಡ್ರಾ?

ಅಯ್ಯಯ್ಯೋ... ಹೀಗೆ ಸ್ಪ್ಯಾನರ್ ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, ಎಲ್ಲ ಗೊತ್ತಿರೋರ ಹಾಗೆ ಒಳಗೆ ಇಣುಕ್ತಾ ನಿಲ್ಲೋದು... ನಂಗೆ ಚೆನ್ನಾಗಿ ಗೊತ್ತು ಇದು! ಬೆಳಗ್ಗೆ ಬಾನೆಟ್ ಎತ್ತಿ ನಾನೂ ಹೀಗೇ ನಿಂತಿದ್ದೆ. ಎಷ್ಟೋ ಹೊತ್ತು. ಯಾವ ನಟ್ಟು ಮೊದಲು ಬಿಚ್ಚಬೇಕು ಅಂತ ತಲೆಬುಡ ತಿಳೀಲಿಲ್ಲ. ಆಮೇಲೇ ಬಾನೆಟ್ ಮುಚ್ಚಿ ತೊಳೆಯೋಕೆ ಶುರು ಮಾಡಿದ್ದು.

ನಿಮ್ಮ ಫೋನು ಹೊಡ್ಕೊಳ್ತಿದೆ. ಅಕ್ಕ! ನನ್ನ ಕೈಗೆ ಕೊಡಬೇಡಿ, ನಿಮ್ಮ ಹೆಂಡತಿ, ನೀವೇ ತಗೊಳ್ಳಿ... ಒಂದು ಗೀರೂ ಇಲ್ಲ ಅಂತ ಮೊದಲು ಹೇಳಿ ಭಾವ. ಅವಳೂ ಮಗೂನೂ ಬಾಡಿಗೆ ಕಾರಲ್ಲಿ ಬರಬೇಕು ಅನ್ನೋ ವಿಷಯ ನಿಧಾನಕ್ಕೆ.