ಬೆಕ್ಕು ಉಂಡ ಎಡೆ

ಬೈರಕೂರಿನ ಬಚ್ಚಪ್ಪನ ಕಿವಿ ಎಂದರೆ ದೇವರಾಯಸಮುದ್ರದ ಕೆರೆಯಲ್ಲಿ ಮೀನು ಬಾಲ ಆಡಿಸಿದರೂ ಮುಳಬಾಗಿಲಲ್ಲಿ ಕೂತೇ ಕೇಳಿಸಿಕೊಳ್ಳುವಂಥದ್ದು. ಪಶು ಆಸ್ಪತ್ರೆಯ ಜಗಲಿಯಲ್ಲಿ ಟಗರು ಹಿಡಿದು ಕೂತಿದ್ದ ಅವನ ಪಕ್ಕದಲ್ಲೇ ಗಂಗಾ ಮತ್ತು ಅವಳ ಮೈದುನ ಕದಿರೇಶ, ಡಾಕ್ಟರ ಕೋಣೆಯಿಂದ ಹೊರಬಂದು ಟೊಮೆಟೊ ಕ್ರೇಟ್ ಇಳಿಸಿದರು. ಅದರೊಳಗಿನ ಬೆಕ್ಕು ಬಚ್ಚಪ್ಪನ ಟಗರನ್ನು ಒಂದೇ ತುತ್ತಿಗೆ ನುಂಗುವಷ್ಟಿತ್ತು. ಆಮೇಲಿನ ಅವರ ಮಾತೆಲ್ಲ ಅವನ ಕಿವಿಗೆ ಬಿತ್ತು.

“ಊಟ ಅರ್ಧಕ್ಕೆ ಇಳಿಸದಿದ್ರೆ ಸಾಯ್ತದಂತಲ್ಲ ಅತ್ತಿಗೆ.”

“ಕೇಳಿಸ್ಕೊಂಡೆ.”

“ಅಣ್ಣನಿಗೆ ದಿನಾ ಎಡೆ ಇಡೋದು ಸಾಕು ಅಂತ ಅಮ್ಮಂಗೆ ಹೇಳಿ. ತಟ್ಟೆ ತುಂಬ ಮುದ್ದೆ, ಬಾಡು. ಎಲ್ಲಾ ಇದೇ ಮುಕ್ಕುತ್ತದೆ.”

“ನೀನೇ ಹೇಳು. ನಿನ್ನ ಹೆತ್ತೋಳು.”

“ತಟ್ಟೆ ಖಾಲಿಯಾದ್ರೆ ಸತ್ತ ಮಗ ಬಂದು ಉಂಡ ಅಂತಾಳೆ. ಬೆಕ್ಕು ಅಂದ್ರೆ ನಂಬ್ತಾಳಾ?”

“ನಂಬೋದೂ ಬೇಡ. ಮೊದಮೊದ್ಲು ಎಡೆ ಹಂಗೇ ಉಳೀತಿತ್ತು. ಮಗ ಮುಟ್ಟದೆ ನಾನೂ ಮುಟ್ಟಲ್ಲ ಅಂತ ಅತ್ತೆ ಹಾಸಿಗೆ ಹಿಡಿದ್ರು. ಆಗ ಹಿತ್ಲ ಬಾಗ್ಲು ತೆಗೆದು ಇದನ್ನ ಒಳಕ್ಕೆ ಬಿಟ್ಟೋಳು ನಾನೇ.”

“ನೀವಾ?”

“ಇನ್ನೊಂದು ಹೆಣ ಎತ್ತೋಕೆ ನಿಂಗೆ ಶಕ್ತಿ ಇತ್ತೇನೋ?”

ಕದಿರೇಶ ಕ್ರೇಟಿನ ಸಂದಿಯಲ್ಲಿ ಬೆರಳು ತೂರಿಸಿ ಬೆಕ್ಕಿನ ತಲೆ ಸವರಿದ.

“ಈಗ ಇದು ಸತ್ತರೆ ಅಮ್ಮನೂ ಉಳಿಯಲ್ಲ.”

“ಅದಕ್ಕೇ ಇದಕ್ಕೆ ಅರ್ಧ ಹಾಕಿ, ಮಿಕ್ಕಿದ್ದು ನಾನು ಉಣ್ತೀನಿ, ಅತ್ತೆಗೆ ಕಾಣದಂಗೆ.”

“ಅಣ್ಣನ ಎಡೆನಾ?”

“ಅವ್ರಿದ್ದಾಗ್ಲೂ ಅವ್ರು ಉಂಡೆದ್ದ ತಟ್ಟೇಲೇ ಅಲ್ವಾ ನಾನು ಉಣ್ತಿದ್ದಿದ್ದು. ಎತ್ತು, ಬಸ್ ಹೋಗ್ತದೆ.”

ಕದಿರೇಶ ಕ್ರೇಟ್ ಹೊತ್ತು ಅವಳ ಹಿಂದೆ ಗೇಟಿನತ್ತ ನಡೆದ.